ಸೀಸವನ್ನು ಮಹಾ ಚಳಿಯಲ್ಲಿ ಎಳೆದು ನೋಡುವುದು ಹೇಗೆ? ಸೂಪರ್‌ಕಂಡಕ್ಟರ್ ಲೋಹಗಳ ಪ್ರಾಜೆಕ್ಟ್ ಮಾಡುವವರಿಗೆ

ಸುರತ್ಕಲ್, ಮಣಿಪಾಲ, ಕೊಣಾಜೆ ಕಡೆ ಪ್ರಾಜೆಕ್ಟ್ ಹುಡುಕುವ ಹುಡುಗರ ಬಾಯಲ್ಲಿ ಸೂಪರ್‌ಕಂಡಕ್ಟರ್ (ಮಹಾ ಚಳಿಯಲ್ಲಿ ವಿದ್ಯುತ್ತಿಗೆ ಒಂಚೂರೂ ತಡೆ ಒಡ್ಡದ ವಸ್ತು) ಅಂತ ಬಂತೆಂದರೆ, ಮುಂದಿನ ಮಾತು ಕಪ್ಪು ಬಿಲ್ಲೆಯ ಮೇಲೆ ಮ್ಯಾಗ್ನೆಟ್ ತೇಲಿಸುವುದೇ. ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಆ ಬಿಲ್ಲೆ ಲೋಹ ಅಲ್ಲ, ಸೆರಾಮಿಕ್. ಬಗ್ಗಿಸಿದರೆ ಲಟಕ್ ಅಂತ ಮುರಿಯುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಸೀಸ, ತವರ, ನಯೋಬಿಯಮ್ ಇವೆಲ್ಲ ನಿಜವಾದ ಲೋಹಗಳು, ಇವೂ ಸೂಪರ್‌ಕಂಡಕ್ಟರ್‌ಗಳೇ. ಇವನ್ನು ಚಳಿಯಲ್ಲಿಟ್ಟು ಎಳೆದರೆ, ಬಗ್ಗಿಸಿದರೆ, ಬಡಿದರೆ ಏನಾಗುತ್ತದೆ ಎನ್ನುವುದನ್ನು ಯಾರೂ ಕೇಳುವುದಿಲ್ಲ. ನನಗೆ ಕೇಳಿದರೆ ಮೆಕ್ಯಾನಿಕಲ್, ಮೆಟಲರ್ಜಿಯವರಿಗೆ ಇದಕ್ಕಿಂತ ಒಳ್ಳೆ ವಿಷಯ ಸಿಗುವುದು ಕಷ್ಟ.

ಯಾಕೆಂದರೆ ಇಲ್ಲೊಂದು ಗಮ್ಮತ್ತಿದೆ. ಲೋಹವನ್ನು ತಣ್ಣಗೆ ಮಾಡಿದಷ್ಟೂ ಅದು ಗಟ್ಟಿಯಾಗುತ್ತಾ ಹೋಗುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಸೀಸ 7.2 ಕೆಲ್ವಿನ್‌ಗಿಂತ (ಸೊನ್ನೆ ಕೆಲ್ವಿನ್ ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್) ಕೆಳಗೆ ಹೋಗಿ ಸೂಪರ್‌ಕಂಡಕ್ಟರ್ ಆದಾಗ, ಅದೇ ತಾಪಮಾನದಲ್ಲಿ ಕಾಂತಕ್ಷೇತ್ರ ಹಾಕಿ ಸಾಮಾನ್ಯ ಲೋಹವಾಗಿ ಉಳಿಸಿದ ಸೀಸಕ್ಕಿಂತ ಸ್ವಲ್ಪ ಮೆತ್ತಗಾಗುತ್ತದೆ. 1968ರಲ್ಲಿ ಕೋಜಿಮಾ ಮತ್ತು ಸುಜುಕಿ ಎಂಬ ಜಪಾನಿನ ಇಬ್ಬರು ಸೀಸ ಮತ್ತು ನಯೋಬಿಯಮ್‌ನಲ್ಲಿ 4.2 ಕೆಲ್ವಿನ್‌ನಲ್ಲಿ ಇದನ್ನು ತೋರಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಖಾರ್ಕಿವ್‌ನ ವಿಜ್ಞಾನಿಗಳೂ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ವಿದ್ಯುತ್ತಿಗೆ ಸಂಬಂಧಪಟ್ಟ ಗುಣ ಲೋಹದ ಬಲವನ್ನೇ ಬದಲಿಸುತ್ತದೆ ಅಂದರೆ ವಿಚಿತ್ರ ಅಲ್ವಾ?

ಈ ಕೆಲಸವನ್ನು ನಮ್ಮ ಕರಾವಳಿಯಲ್ಲಿ ಕೂತು ಎಷ್ಟು ದೂರ ಮಾಡಬಹುದು, ಎಲ್ಲಿಂದ ಮುಂದೆ ಬೇರೆ ಊರಿಗೆ ಹೋಗಬೇಕು ಎಂಬುದನ್ನು ಕೆಳಗೆ ಬರೆದಿದ್ದೇನೆ. ಒಂದು ವಿಷಯ ಮೊದಲೇ ಹೇಳುತ್ತೇನೆ, 4 ಕೆಲ್ವಿನ್‌ಗೆ ಹಾರುವ ಆತುರ ಬೇಡ. ಜಿಗ್ (ಸ್ಯಾಂಪಲ್ ಕೂರಿಸಿ ಎಳೆಯುವ ಚೌಕಟ್ಟು), ಹಿಡಿತ, ಸ್ಯಾಂಪಲ್, ಲೋಡ್ ಸೆಲ್ (ಎಳೆಯುವ ಬಲ ಅಳೆಯುವ ಸಾಧನ) ಇವುಗಳ ತಕರಾರು ಮುಕ್ಕಾಲು ಪಾಲು 77 ಕೆಲ್ವಿನ್‌ನಲ್ಲೇ, ಅಂದರೆ ದ್ರವ ನೈಟ್ರೋಜನ್‌ನಲ್ಲೇ, ಹೊರಗೆ ಬರುತ್ತದೆ. ಅಲ್ಲಿ ಬಗೆಹರಿಸಿಕೊಳ್ಳದೆ ಹೀಲಿಯಂ ಸುರಿದರೆ ದುಡ್ಡು ಗಾಳಿಗೆ ಹೋಗುತ್ತದೆ, ಅಕ್ಷರಶಃ.

ಮೊದಲು ಲೋಹ ಆರಿಸಿ

ಇದರಲ್ಲಿ ಅವಸರ ಮಾಡಬೇಡಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸೂಪರ್‌ಕಂಡಕ್ಟರ್ ಆಗುವ ತಾಪಮಾನ ಒಂದೊಂದು ಲೋಹಕ್ಕೆ ಒಂದೊಂದು. ನಯೋಬಿಯಮ್‌ಗೆ ಸುಮಾರು 9.2 ಕೆಲ್ವಿನ್, ಸೀಸಕ್ಕೆ 7.2, ತವರಕ್ಕೆ 3.7, ಇಂಡಿಯಮ್‌ಗೆ 3.4, ಅಲ್ಯೂಮಿನಿಯಂಗೆ 1.2. ದ್ರವ ಹೀಲಿಯಂ ಕುದಿಯುವುದು 4.2ರಲ್ಲಿ. ಅಂದರೆ ಹೀಲಿಯಂನಲ್ಲಿ ಸುಮ್ನೆ ಮುಳುಗಿಸಿದರೆ ಸಾಕು ಎನ್ನುವ ಲೋಹಗಳಲ್ಲಿ ಸುಲಭವಾಗಿ ಸಿಗುವವು ಸೀಸ ಮತ್ತು ನಯೋಬಿಯಮ್ ಎರಡೇ. ತವರ, ಇಂಡಿಯಮ್‌ಗೆ ಹೀಲಿಯಂ ಮೇಲಿನ ಆವಿಯನ್ನು ಪಂಪ್‌ನಿಂದ ಎಳೆದು ಇನ್ನೂ ತಣ್ಣಗೆ ಮಾಡಬೇಕು. ಅಲ್ಯೂಮಿನಿಯಂ ಅಂತೂ ಮೊದಲ ಪ್ರಾಜೆಕ್ಟ್‌ಗೆ ಬೇಡವೇ ಬೇಡ.

ಎರಡನೇ ಪ್ರಶ್ನೆ ಹರಳಿನ ರಚನೆಯದ್ದು. ಸೀಸ, ತಾಮ್ರ, ಅಲ್ಯೂಮಿನಿಯಂ ಮೂರರಲ್ಲೂ ಪರಮಾಣುಗಳು ಎಫ್‌ಸಿಸಿ (ಘನದ ಮೂಲೆಗಳಲ್ಲೂ ಮುಖಗಳ ನಡುವೆಯೂ ಒಂದೊಂದು) ಜೋಡಣೆಯಲ್ಲಿವೆ. ಇವು ಎಷ್ಟೇ ಚಳಿಗೆ ಹೋದರೂ ಬಗ್ಗುವ ಗುಣ ಬಿಡುವುದಿಲ್ಲ. ನಯೋಬಿಯಮ್, ವೆನೇಡಿಯಮ್, ಟ್ಯಾಂಟಲಮ್, ಸಾಮಾನ್ಯ ಕಬ್ಬಿಣ ಇವು ಬಿಸಿಸಿ (ಘನದ ಮೂಲೆಗಳಲ್ಲೂ ನಟ್ಟನಡುವೆಯೂ ಒಂದೊಂದು). ಇವುಗಳಲ್ಲಿ ಚಳಿ ಏರಿದ ಹಾಗೆ ಯೀಲ್ಡ್ ಸ್ಟ್ರೆಸ್ (ಲೋಹ ಶಾಶ್ವತವಾಗಿ ಬಗ್ಗತೊಡಗುವ ಒತ್ತಡ) ಜೋರಾಗಿ ಏರುತ್ತದೆ, ಒಂದು ಹಂತದಲ್ಲಿ ಬಗ್ಗುವುದಕ್ಕಿಂತ ಒಡೆಯುವುದೇ ಸುಲಭ ಅನ್ನಿಸುತ್ತದೆ ಲೋಹಕ್ಕೆ. ಚೊಕ್ಕ ನಯೋಬಿಯಮ್ 4 ಕೆಲ್ವಿನ್‌ನಲ್ಲೂ ಅಷ್ಟಿಷ್ಟು ಬಗ್ಗುತ್ತದೆ, ಆದರೆ ಒಳಗೆ ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್ ಸೇರಿದ್ದರೆ ಕೈಕೊಡುತ್ತದೆ. ತವರ ಇವೆರಡಕ್ಕೂ ಸೇರದ ಜಾತಿ. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ನಿಧಾನಕ್ಕೆ ಬೂದು ಪುಡಿಯಾಗಬಲ್ಲದು. ನಮ್ಮ ಊರಿನ ಸೆಖೆಯಲ್ಲಿ ಆ ಭಯ ಇಲ್ಲ ಬಿಡಿ. ಆದರೆ ತವರ ಜಾಸ್ತಿ ಇರುವ ಬೆಸುಗೆ ನೈಟ್ರೋಜನ್‌ನಲ್ಲಿ ಬಿರುಕು ಬಿಡುವುದು ಮಾತ್ರ ಮಾಮೂಲು, ಹಾಗಾಗಿ ಥರ್ಮಾಮೀಟರ್ ತಂತಿಗಳನ್ನು ಬೆಸುಗೆಯೊಂದನ್ನೇ ನಂಬಿ ಬಿಡಬೇಡಿ, ಪಕ್ಕದಲ್ಲಿ ಕಟ್ಟಿ ಹಾಕಿ.

ನನ್ನ ಸಲಹೆ ಸೀಸ. ಅಗ್ಗ, ಮೆತ್ತಗೆ, ಬೇಕಾದ ಆಕಾರಕ್ಕೆ ಬರುತ್ತದೆ, 4.2ರಲ್ಲಿ ಆರಾಮವಾಗಿ ಸೂಪರ್‌ಕಂಡಕ್ಟರ್ ಆಗಿರುತ್ತದೆ. ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಸಿಗುತ್ತದೆ, ಅದನ್ನು ಕರಗಿಸಿ ಅಚ್ಚು ಹೊಯ್ಯಬಹುದಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನೈಟ್ರೋಜನ್‌ನಲ್ಲಿ ಹಿಡಿತ, ಜಿಗ್ ಪರೀಕ್ಷೆ ಮಾಡಲು ಅದು ಸಾಕು. ಅಸಲಿ ಪ್ರಯೋಗಕ್ಕೆ ಸಾಲದು. ಗುಜರಿ ಸೀಸದಲ್ಲಿ ಆಂಟಿಮನಿ, ತವರ ಇತ್ಯಾದಿ ಬೆರೆತಿರುತ್ತವೆ. ಅವು ಲೋಹವನ್ನು ಗಟ್ಟಿ ಮಾಡುತ್ತವೆ, ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಸೂಪರ್‌ಕಂಡಕ್ಟಿವಿಟಿಯನ್ನು ಕಾಂತಕ್ಷೇತ್ರದಿಂದ ಪೂರ್ತಿ ಅಳಿಸಲು ಬಿಡುವುದಿಲ್ಲ, ಕ್ಷೇತ್ರ ತೆಗೆದರೂ ಒಂದಷ್ಟು ಒಳಗೇ ಸಿಕ್ಕಿಕೊಂಡಿರುತ್ತದೆ. ಈ ಅಳಿಸುವ ವಿಷಯವೇ ಇಡೀ ಪ್ರಯೋಗದ ಕೀಲಿ, ಮುಂದೆ ಬರುತ್ತದೆ. ಹಾಗಾಗಿ ಕನಿಷ್ಠ 99.99 ಶೇಕಡಾ ಚೊಕ್ಕ ಸೀಸ ತರಿಸಿ.

ಸೀಸ ವಿಷ ಎಂಬುದು ನೆನಪಿರಲಿ. ಗ್ಲೌಸ್ ಹಾಕಿ, ಅರದಿಂದ ಉಜ್ಜಿ ಪುಡಿ ಎಬ್ಬಿಸಬೇಡಿ, ಕೈ ತೊಳೆಯದೆ ಕ್ಯಾಂಟೀನಿಗೆ ಹೋಗಬೇಡಿ.

ಸ್ಯಾಂಪಲ್ ತಯಾರಿ

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 600 ಕೆಲ್ವಿನ್. ಮಂಗಳೂರಿನ ಮಧ್ಯಾಹ್ನ 305 ಕೆಲ್ವಿನ್ ಅಂತ ಇಟ್ಟುಕೊಳ್ಳಿ, ಕರಗುವ ತಾಪಮಾನದ ಅರ್ಧ ಆಯಿತು. ಸೀಸದ ಮಟ್ಟಿಗೆ ನಮ್ಮ ಊರು ಒಂದು ಕುಲುಮೆ ಇದ್ದ ಹಾಗೆಯೇ. ನೀವು ಕತ್ತರಿಸಿ, ತಿರುಚಿ, ಒತ್ತಿ ಮಾಡಿದ ಗಾಯವನ್ನೆಲ್ಲ ಅದು ಕೋಣೆಯಲ್ಲೇ ಇದ್ದು ತನ್ನಷ್ಟಕ್ಕೆ ಸರಿಮಾಡಿಕೊಳ್ಳುತ್ತದೆ. ಇದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಒಳ್ಳೆಯದೇನೆಂದರೆ ಬೇರೆ ಅನೀಲಿಂಗ್ (ಕಾಯಿಸಿ ಮೆತ್ತಗೆ ಮಾಡುವುದು) ಬೇಕಿಲ್ಲ, ಅಚ್ಚು ಹೊಯ್ದು ಎಳೆದು ಸ್ಯಾಂಪಲ್ ಮಾಡಿ ಕೆಲವು ದಿನ ಬಿಟ್ಟರೆ ಸಾಕು. ಕೆಟ್ಟದ್ದೇನೆಂದರೆ ಚಳಿಯಲ್ಲಿ ಎಳೆದು ತೆಗೆದ ಸ್ಯಾಂಪಲ್ಲನ್ನು ಮೇಜಿನ ಮೇಲಿಟ್ಟು ಚಾ ಕುಡಿದು ಬಂದು ಮೈಕ್ರೋಸ್ಕೋಪ್ ಕೆಳಗಿಟ್ಟರೆ, ನೀವು ನೋಡುವುದು ಚಳಿಯಲ್ಲಿ ಆದದ್ದನ್ನಲ್ಲ, ಅದು ಬಿಸಿಯಾಗಿ ಮತ್ತೆ ಕೂಡಿಕೊಂಡದ್ದನ್ನು. ಒಂದು ಸ್ಯಾಂಪಲ್ ಮೇಲೆ ಎರಡು ಹಂತದಲ್ಲಿ ಕೆಲಸ ಇದ್ದರೆ ನಡುವೆ ಅದನ್ನು ನೈಟ್ರೋಜನ್‌ನಲ್ಲೇ ಇಡಿ.

ಎಲ್ಲ ಸ್ಯಾಂಪಲ್ಲುಗಳೂ ಒಂದೇ ಎರಕದಿಂದ, ಒಂದೇ ಅಳತೆಯಲ್ಲಿ ಬರಲಿ. ತಾಮ್ರದಲ್ಲೂ ಅದೇ ಅಳತೆಯ ಒಂದೆರಡು ಮಾಡಿಟ್ಟುಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೈಟ್ರೋಜನ್ ತರುವುದು, ಇಡುವುದು

ದ್ರವ ನೈಟ್ರೋಜನ್ ನಮ್ಮ ಜಿಲ್ಲೆಗೆ ಹೊಸತೇನಲ್ಲ. ದನಗಳ ಕೃತಕ ಗರ್ಭಧಾರಣೆಗೆ ಬರುವವರ ಕೈಯಲ್ಲಿ ಆ ಅಲ್ಯೂಮಿನಿಯಂ ಕ್ಯಾನ್ ನೋಡಿಯೇ ಇರುತ್ತೀರಿ, ಅದರೊಳಗೆ ಇರುವುದು ಇದೇ. (ಅವರ ಹತ್ತಿರ ಕೇಳಲು ಹೋಗಬೇಡಿ ಮತ್ತೆ, ಅದು ಖಾಲಿಯಾದರೆ ಒಳಗಿನ ವೀರ್ಯದ ಕಡ್ಡಿಗಳೆಲ್ಲ ಹಾಳು.) ಕಾಲೇಜಿನ ಮೂಲಕ ಗ್ಯಾಸ್ ಸರಬರಾಜು ಮಾಡುವವರಿಂದಲೇ ತರಿಸಿ.

1 ಲೀಟರ್ ದ್ರವ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಉಸಿರು ಕಟ್ಟಿದ್ದೂ ಗೊತ್ತಾಗುವುದಿಲ್ಲ, ಸೀದಾ ಪ್ರಜ್ಞೆ ತಪ್ಪುತ್ತದೆ. ಆದ್ದರಿಂದ ಮಂಗಳೂರಿನಿಂದ ಮಣಿಪಾಲಕ್ಕೆ 60 ಕಿಲೋಮೀಟರ್ ಮೇಲಿನ ದಾರಿಯಲ್ಲಿ ಎಸಿ ಹಾಕಿ ಕಿಟಕಿ ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಡ್ಯೂವರ್ (ನೈಟ್ರೋಜನ್ ತುಂಬಿಡುವ ಥರ್ಮಾಸ್ ಥರದ ಪಾತ್ರೆ) ಇಟ್ಟುಕೊಂಡು ಹೋಗುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲೇ ಬಿಡಿ, ಬಸ್ಸಿನಲ್ಲಿ ಸೀಟಿನ ಕೆಳಗೆ ಇಡುವುದಂತೂ ದೇವರಿಗೇ ಪ್ರೀತಿ. ತೆರೆದ ಪಿಕಪ್ ಗಾಡಿಯಲ್ಲಿ, ನೆಟ್ಟಗೆ ಕಟ್ಟಿ, ಸಡಿಲ ಮುಚ್ಚಳ ಹಾಕಿ ತನ್ನಿ. ಬಿಗಿ ಮುಚ್ಚಳ ಯಾವತ್ತೂ ಬೇಡ, ಒತ್ತಡ ಏರಿ ಸಿಡಿಯುತ್ತದೆ. ಲಿಫ್ಟ್‌ನಲ್ಲಿ ಮೇಲೆ ಕಳಿಸುವಾಗ ಡ್ಯೂವರ್ ಮಾತ್ರ ಒಳಗೆ, ನೀವು ಮೆಟ್ಟಿಲಲ್ಲಿ. ಲ್ಯಾಬ್‌ನಲ್ಲಿ ಕಿಟಕಿ ತೆಗೆದಿಡಿ, ಸಾಧ್ಯವಾದರೆ ಆಕ್ಸಿಜನ್ ಮೀಟರ್ ಇಡಿ. ಬಿಗಿ ಗ್ಲೌಸ್, ಚಪ್ಪಲಿ ಬೇಡ. ಸಡಿಲ ಕ್ರಯೋ ಗ್ಲೌಸ್, ಮುಚ್ಚಿದ ಶೂ, ಮುಖಕ್ಕೆ ಶೀಲ್ಡ್, ಪ್ಯಾಂಟ್ ಶೂ ಮೇಲೆ ಇಳಿದಿರಬೇಕು.

ನಮ್ಮ ಕಡೆ ಇನ್ನೊಂದು ಶತ್ರು ಇದ್ದಾನೆ, ತೇವ. ಒಳನಾಡಿನವರಿಗೆ ಇದರ ಅಂದಾಜು ಇಲ್ಲ. ಮಳೆ ಹಿಡಿದ ಆಟಿ ತಿಂಗಳಲ್ಲಿ ನೈಟ್ರೋಜನ್ ಪಾತ್ರೆ ತೆರೆದರೆ ಕ್ಷಣದಲ್ಲಿ ಮೋಡ, ಹಿಡಿತದ ಮೇಲೆ ಬಿಳಿ ಮಂಜುಗಡ್ಡೆ, ಸ್ಕ್ರೂ ಸಂದಿಯಲ್ಲೆಲ್ಲ ಐಸ್. ಪಿನ್ ಜಾಯಿಂಟ್ ಹೆಪ್ಪುಗಟ್ಟಿ ತಿರುಗದೇ ಹೋದರೆ ನೇರವಾಗಿ ಎಳೆಯಬೇಕಾದ ಸ್ಯಾಂಪಲ್ ಬಾಗುತ್ತದೆ, ನಿಮಗೆ ಸಿಗುವ ಗ್ರಾಫ್ ಸುಳ್ಳು ಹೇಳುತ್ತದೆ. ಜಿಗ್‌ನ ಸುತ್ತ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಒಣ ನೈಟ್ರೋಜನ್ ಗ್ಯಾಸ್ ಸಣ್ಣಗೆ ಬಿಟ್ಟು, ಆಮೇಲೆ ದ್ರವ ಸುರಿಯಿರಿ. ಸ್ಯಾಂಪಲ್, ಜಿಗ್ ಎರಡನ್ನೂ ಹಿಂದಿನ ದಿನವೇ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ನನ್ನನ್ನು ಕೇಳಿದರೆ ಇಂಥ ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು.

ಜಿಗ್ ಮತ್ತು ಹಿಡಿತ

ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಕಬ್ಬಿಣದ ಬೋಲ್ಟ್ ಬಿಸಿಸಿ, 77ರಲ್ಲಿ ಅದು ಗಾಜಿನ ಬುದ್ಧಿ ತೋರಿಸುತ್ತದೆ. 304 ಅಥವಾ 316 ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ. ಕಾಂತಕ್ಷೇತ್ರದ ಕೆಲಸ ಇರುವುದರಿಂದ 316 ಮೇಲು, ಯಾಕೆಂದರೆ 304 ಚಳಿಯಲ್ಲಿ ಬಾಗಿದಾಗ ಭಾಗಶಃ ಮಾರ್ಟೆನ್ಸೈಟ್ ಎಂಬ ಬೇರೆ ಹರಳಿನ ರಚನೆಗೆ ತಿರುಗಿ ಮ್ಯಾಗ್ನೆಟ್‌ಗೆ ಅಂಟತೊಡಗುತ್ತದೆ. ಬಳಸಿದ ಮೇಲೆ ಒಂದು ಸಣ್ಣ ಮ್ಯಾಗ್ನೆಟ್ ಹಿಡಿದು ನೋಡಿ, ಸುಲಭದ ಪರೀಕ್ಷೆ.

ಈಗ ಬಹಳ ಜನ ಎಡವುವ ಜಾಗ. ಚಳಿಗೆ ಎಲ್ಲವೂ ಕುಗ್ಗುತ್ತದೆ, ಆದರೆ ಒಂದೇ ಅಳತೆಯಲ್ಲಿ ಅಲ್ಲ. ಕೋಣೆಯಿಂದ 4 ಕೆಲ್ವಿನ್‌ಗೆ ಹೋಗುವಾಗ ಸೀಸ 0.7 ಶೇಕಡಾ, ಅಲ್ಯೂಮಿನಿಯಂ 0.41, ತಾಮ್ರ 0.33ರ ಹತ್ತಿರ, ಸ್ಟೇನ್‌ಲೆಸ್ 0.3, ನಯೋಬಿಯಮ್ ಬರೀ 0.14, ಟೆಫ್ಲಾನ್ 2 ಶೇಕಡಾಕ್ಕೂ ಜಾಸ್ತಿ. ಹೆಚ್ಚಿನ ಲೋಹಗಳಲ್ಲಿ ಇದರ 90 ಶೇಕಡಾ 77ಕ್ಕೆ ಬರುವಷ್ಟರಲ್ಲೇ ಮುಗಿದಿರುತ್ತದೆ, ಸೀಸದಲ್ಲಿ 80ರ ಆಸುಪಾಸು. ಲೆಕ್ಕ ಹಾಕಿ. 10 ಸೆಂಟಿಮೀಟರ್ ಸೀಸದ ತುಂಡು 77ರಲ್ಲಿ ಸುಮಾರು 0.6 ಮಿಲಿಮೀಟರ್ ಕುಗ್ಗುತ್ತದೆ, ಅದನ್ನು ಹಿಡಿದ ಸ್ಟೀಲ್ ಚೌಕಟ್ಟು 0.3ರಷ್ಟು ಮಾತ್ರ. ಎರಡೂ ತುದಿ ಬಿಗಿದು ತಣ್ಣಗೆ ಮಾಡಿದರೆ ಉಳಿದ 0.3 ಮಿಲಿಮೀಟರ್ ಸೀಸವನ್ನು ಎಳೆದು ತುಂಬಿಸುತ್ತದೆ, ಅಂದರೆ ನೀವು ಮೆಷಿನ್ ಆನ್ ಮಾಡುವ ಮೊದಲೇ ಸ್ಯಾಂಪಲ್ ಯೀಲ್ಡ್ ಆಗಿರುತ್ತದೆ. ಹಾಗಾಗಿ ತಣ್ಣಗಾಗುವ ತನಕ ಒಂದು ತುದಿ ಸಡಿಲ ಇರಲಿ, ಕುದಿಯುವುದು ನಿಂತ ಮೇಲೆ ಸಡಿಲು ತೆಗೆದು ಶುರುಮಾಡಿ. ನಯೋಬಿಯಮ್ ಆದರೆ ಉಲ್ಟಾ, ಚೌಕಟ್ಟೇ ಜಾಸ್ತಿ ಕುಗ್ಗಿ ಸ್ಯಾಂಪಲ್ಲನ್ನು ಒತ್ತುತ್ತದೆ, ತೆಳ್ಳಗಿದ್ದರೆ ಬಾಗಿಸಿಬಿಡುತ್ತದೆ.

ಲೋಡ್ ಸೆಲ್ ಹೊರಗೆ, ಬೆಚ್ಚಗೆ ಇರಬೇಕು. ಎಳೆಯುವ ಕಡ್ಡಿಯನ್ನು ತೆಳು ಗೋಡೆಯ ಸ್ಟೇನ್‌ಲೆಸ್ ಪೈಪಿನಲ್ಲಿ ಮಾಡಿದರೆ ಶಾಖ ಕಡಿಮೆ ಇಳಿಯುತ್ತದೆ. ಜಿಗ್‌ನ ತೂಕವೂ ಹಗುರ ಇರಲಿ. 1 ಕೆಜಿ ಸ್ಟೀಲನ್ನು ಕೋಣೆಯಿಂದ 77ಕ್ಕೆ ಇಳಿಸಲು ಅರ್ಧ ಲೀಟರ್ ನೈಟ್ರೋಜನ್ ಆವಿಯಾಗುತ್ತದೆ.

77 ಕೆಲ್ವಿನ್‌ನಲ್ಲಿ ಮಾಡುವ ಕೆಲಸ

ಶುರುವಿಗೆ ಎಳೆಯುವುದೇ ಬೇಡ, ಬಡಿದು ಕೇಳಿ. ಸೀಸದ ಒಂದು ಕಡ್ಡಿಯನ್ನು ದಾರದಲ್ಲಿ ತೂಗುಹಾಕಿ ಚಮಚದಿಂದ ಬಡಿಯಿರಿ. ದಪ್ ಅಂತ ಸತ್ತ ಸದ್ದು. ಅದನ್ನೇ ನೈಟ್ರೋಜನ್‌ನಲ್ಲಿ ಅದ್ದಿ, ಕುದಿ ನಿಂತ ಮೇಲೆ ತೆಗೆದು ತಕ್ಷಣ ಬಡಿದರೆ ಠಣ್ ಅಂತ ಗುಂಯ್‌ಗುಡುತ್ತದೆ. ಕೋಣೆಯ ಬಿಸಿಯಲ್ಲಿ ಸೀಸದೊಳಗಿನ ದೋಷಗಳು ಅಲುಗಾಡಿ ಕಂಪನದ ಶಕ್ತಿಯನ್ನು ತಿಂದುಬಿಡುತ್ತವೆ. ಚಳಿಯಲ್ಲಿ ಅವಕ್ಕೆ ಅಲುಗಾಡುವ ಚೈತನ್ಯ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಉಚಿತ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಆವರ್ತನ ಮತ್ತು ಸದ್ದು ಆರುವ ಸಮಯ ಎರಡನ್ನೂ ಅಳೆಯಿರಿ. ಆವರ್ತನ ಏರಿದ್ದು ಯಂಗ್ಸ್ ಮಾಡ್ಯುಲಸ್ (ಲೋಹದ ಬಿಗಿತದ ಅಳತೆ) ಏರಿದ್ದಕ್ಕೆ, ಸದ್ದು ಉದ್ದವಾದದ್ದು ಒಳಘರ್ಷಣೆ ಇಳಿದದ್ದಕ್ಕೆ. ಖರ್ಚಿಲ್ಲದೆ ಎರಡು ನಿಜವಾದ ಅಳತೆ ಸಿಕ್ಕಿತು. ಒಂದು ಎಚ್ಚರಿಕೆ, ಕಡ್ಡಿಯ ಮೇಲೆ ಮಂಜು ಕೂತರೆ ಅದರ ತೂಕ ಆವರ್ತನವನ್ನು ಕೆಡಿಸುತ್ತದೆ, ಹಾಗಾಗಿ ಬೇಗ ಮುಗಿಸಬೇಕು.

ಇದು ಸೂಪರ್‌ಕಂಡಕ್ಟಿವಿಟಿ ಅಂತ ದಯವಿಟ್ಟು ರಿಪೋರ್ಟಿನಲ್ಲಿ ಬರೆಯಬೇಡಿ. 77ರಲ್ಲಿ ಸೀಸ ಇನ್ನೂ ಸಾಮಾನ್ಯ ಲೋಹವೇ.

ಆಮೇಲೆ ಎಳೆಯುವ ಪರೀಕ್ಷೆ. ಮೊದಲು ಕೋಣೆಯ ತಾಪಮಾನದಲ್ಲಿ, ಆಮೇಲೆ 77ರಲ್ಲಿ, ಒಂದೇ ವೇಗದಲ್ಲಿ. ನಂತರ ವೇಗವನ್ನು ಹತ್ತು ಪಟ್ಟು ಬದಲಿಸಿ ನೋಡಿ. ಕೋಣೆಯಲ್ಲಿ ಸೀಸ ವೇಗಕ್ಕೆ ಬಹಳ ಸ್ಪಂದಿಸುತ್ತದೆ, ನಿಧಾನ ಎಳೆದರೆ ಹರಿಯುತ್ತಲೇ ಹೋಗುತ್ತದೆ. 77ರಲ್ಲಿ ಆ ಚಪಲ ಬಹಳ ಕಡಿಮೆಯಾಗಿರುತ್ತದೆ. ಸ್ಟ್ರೇನ್ ಗೇಜ್ (ಸ್ಯಾಂಪಲ್ ಎಷ್ಟು ಹಿಗ್ಗಿತೆಂದು ಅಳೆಯುವ ಪಟ್ಟಿ) ಅಂಟಿಸುವವರು ಅಂಗಡಿಯ ಸೂಪರ್ ಗ್ಲೂ ನಂಬಬೇಡಿ, ಚಳಿಯಲ್ಲಿ ಸಿಪ್ಪೆ ಎದ್ದುಬರುತ್ತದೆ. ಅದೇ ಅಳತೆಗೆ ಕ್ಲಿಪ್ ಹಾಕುವ ಎಕ್ಸ್‌ಟೆನ್ಸೋಮೀಟರ್ ಸಿಕ್ಕಿದರೆ ಒಳ್ಳೆಯದು.

ಲೋಡ್ ಸೆಲ್‌ನ ಗದ್ದಲ ಎಷ್ಟಿದೆ ಎಂದು ಇಲ್ಲೇ ಬರೆದಿಟ್ಟುಕೊಳ್ಳಿ. ಮುಂದೆ ನಾವು ಹುಡುಕುವ ಬದಲಾವಣೆ ಒಟ್ಟು ಲೋಡಿನ ಕೆಲವೇ ಶೇಕಡಾ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ನಿಮ್ಮ ಗ್ರಾಫ್ ಸುಮ್ಮನಿದ್ದಾಗಲೇ 1 ಶೇಕಡಾ ಕುಣಿಯುತ್ತಿದ್ದರೆ 4 ಕೆಲ್ವಿನ್‌ಗೆ ಹೋಗುವ ಅರ್ಹತೆ ಇನ್ನೂ ಬಂದಿಲ್ಲ.

ಯಾಕೆ ಮೆತ್ತಗಾಗುತ್ತದೆ?

ಲೋಹ ಬಗ್ಗುವುದು ಡಿಸ್‌ಲೊಕೇಶನ್‌ಗಳು (ಪರಮಾಣುಗಳ ಸಾಲು ತಪ್ಪಿದ ಗೆರೆಯಂಥ ದೋಷಗಳು) ಓಡುವುದರಿಂದ. ಅವು ಓಡುವಾಗ ಎರಡು ಅಡ್ಡಿ. ಒಂದು ದಾರಿಯಲ್ಲಿ ನಿಂತ ಕಲ್ಮಶಗಳು, ಬೇರೆ ಡಿಸ್‌ಲೊಕೇಶನ್‌ಗಳು. ಇನ್ನೊಂದು ಸುತ್ತಲಿನ ಎಲೆಕ್ಟ್ರಾನ್‌ಗಳು ಅವನ್ನು ಹಿಂದಕ್ಕೆ ಜಗ್ಗಿ ತಡೆಯುವುದು, ಇದನ್ನೇ ಇಲ್ಲಿ ಎಳೆತ ಅನ್ನುತ್ತೇನೆ. ಕಂಬಳದ ಕೋಣಗಳ ಕಾಲಿಗೆ ಕೆಸರು ಹೇಗೋ ಡಿಸ್‌ಲೊಕೇಶನ್‌ಗೆ ಎಲೆಕ್ಟ್ರಾನ್‌ಗಳು ಹಾಗೆ. ಲೋಹ ಸೂಪರ್‌ಕಂಡಕ್ಟರ್ ಆದಾಗ ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ, ಜೋಡಿಯಾದವು ಸಣ್ಣಪುಟ್ಟ ಶಕ್ತಿಯನ್ನು ತೆಗೆದುಕೊಳ್ಳುವುದಿಲ್ಲ, ಎಳೆತ ಇಳಿದುಬಿಡುತ್ತದೆ. ಇದು ಬರೀ ಊಹೆ ಅಲ್ಲ. 1954ರಲ್ಲೇ ಬೊಮ್ಮೆಲ್ ಎಂಬುವರು ಸೀಸದಲ್ಲಿ ಅಲ್ಟ್ರಾಸೌಂಡ್ ಹಾಯಿಸಿ, ಸೂಪರ್‌ಕಂಡಕ್ಟರ್ ಆದ ಕೂಡಲೇ ಸದ್ದು ಸೋರಿಹೋಗುವುದು ಗಣನೀಯವಾಗಿ ಇಳಿಯುವುದನ್ನು ಕಂಡಿದ್ದರು. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಕೊಟ್ಟ ಸಿದ್ಧಾಂತ ಅದಕ್ಕೆ ಲೆಕ್ಕ ಒದಗಿಸಿತು.

ಆದರೆ ಒಂದು ಸಂಶಯ ಉಳಿಯುತ್ತದೆ. ಎಳೆತ ವೇಗಕ್ಕೆ ಸಂಬಂಧಿಸಿದ್ದು, ನಾವು ಎಳೆಯುವುದೋ ಬಹಳ ನಿಧಾನ, ಡಿಸ್‌ಲೊಕೇಶನ್‌ಗಳು ಹೆಚ್ಚು ಹೊತ್ತು ಅಡ್ಡಿಗಳಿಗೆ ತಗುಲಿ ನಿಂತೇ ಇರುತ್ತವೆ, ಹಾಗಿರುವಾಗ ಎಳೆತ ಇಳಿದರೇನು ಬಿಟ್ಟರೇನು? ಇದಕ್ಕೆ ಗ್ರನಾಟೊ ಎಂಬ ಭೌತವಿಜ್ಞಾನಿ 1971ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಎಳೆತ ಕಡಿಮೆಯಾದಾಗ ಡಿಸ್‌ಲೊಕೇಶನ್ ತನ್ನ ಓಟದ ರಭಸದಲ್ಲೇ ಮುಂದಿನ ಅಡ್ಡಿಯನ್ನು ದಾಟಿಬಿಡುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಎಳೆತ ಇದ್ದರೆ ಆ ರಭಸ ದಾರಿಯಲ್ಲೇ ಸತ್ತಿರುತ್ತದೆ.

4.2 ಕೆಲ್ವಿನ್: ಹೋಲಿಕೆ ಮಾಡುವ ಸರಿಯಾದ ದಾರಿ

ಇದಕ್ಕೆ ದ್ರವ ಹೀಲಿಯಂ ಇರುವ ಲ್ಯಾಬ್ ಬೇಕು. ಬೆಂಗಳೂರಿನ ಐಐಎಸ್‌ಸಿ, ಮುಂಬೈಯ ಟಿಐಎಫ್‌ಆರ್‌ನಂಥ ಕಡೆ ಆ ವ್ಯವಸ್ಥೆ ಇದೆ. ಇಂದೋರ್‌ನ ಆರ್‌ಆರ್‌ಕ್ಯಾಟ್, ದಿಲ್ಲಿಯ ಐಯುಎಸಿ ಎರಡೂ ನಯೋಬಿಯಮ್ ಕ್ಯಾವಿಟಿಗಳ (ಕಣಗಳ ವೇಗ ಏರಿಸುವ ಪೊಳ್ಳು ಕೋಶಗಳು) ಮೇಲೆ ಕೆಲಸ ಮಾಡಿವೆ. ನಿಮ್ಮ ಗೈಡ್ ಮೂಲಕ ಬರೆಯಿಸಿ, ಜೊತೆಗೆ 77ರ ಫಲಿತಾಂಶ ಲಗತ್ತಿಸಿ. ಖಾಲಿ ಕೈಯಲ್ಲಿ ಕೇಳುವವರಿಗೂ ಗ್ರಾಫ್ ಇಟ್ಟು ಕೇಳುವವರಿಗೂ ಸಿಗುವ ಉತ್ತರ ಬೇರೆ. ಇಲ್ಲಿನ ಆಸ್ಪತ್ರೆಗಳ ಎಂಆರ್‌ಐ ಮೆಷಿನ್‌ನಲ್ಲಿ ಹೀಲಿಯಂ ಇದೆಯಲ್ಲ ಎಂದು ಕೇಳಬೇಡಿ, ಅದು ಮುಚ್ಚಿದ ಪಾತ್ರೆ.

ಈಗ ಕೀಲಿಯ ವಿಷಯ. ಸೂಪರ್‌ಕಂಡಕ್ಟರ್ ಸೀಸವನ್ನು ಯಾವುದರ ಜೊತೆ ಹೋಲಿಸುತ್ತೀರಿ? 8 ಕೆಲ್ವಿನ್‌ನ ಸಾಮಾನ್ಯ ಸೀಸದ ಜೊತೆಯಾ? ತಾಪಮಾನ ಬದಲಾಯಿತು, ಅದರಿಂದಲೂ ಬಲ ಬದಲಾಗುತ್ತದೆ, ಯಾವುದರಿಂದ ಎಷ್ಟು ಎಂದು ಬಿಡಿಸಲು ಆಗುವುದಿಲ್ಲ. ಬೇರೆ ಸ್ಯಾಂಪಲ್ ಜೊತೆಯಾ? ಎರಡು ಸ್ಯಾಂಪಲ್ ನಡುವಿನ ವ್ಯತ್ಯಾಸವೇ ನಮ್ಮ ಪರಿಣಾಮಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ಅದೇ ಸ್ಯಾಂಪಲ್, ಅದೇ 4.2, ಎಳೆಯುತ್ತಿರುವಾಗಲೇ ಕಾಂತಕ್ಷೇತ್ರ ಹಾಕಿ ಸೂಪರ್‌ಕಂಡಕ್ಟಿವಿಟಿ ಅಳಿಸಬೇಕು, ತೆಗೆದು ವಾಪಸ್ ತರಬೇಕು. ಚೊಕ್ಕ ಸೀಸಕ್ಕೆ 4.2ರಲ್ಲಿ ಬೇಕಾದ ಕ್ಷೇತ್ರ ಸುಮಾರು 0.053 ಟೆಸ್ಲಾ. 10 ಸೆಂಟಿಮೀಟರ್ ಉದ್ದದ ಕಾಯಿಲ್‌ಗೆ 1000 ಸುತ್ತು ಹಾಕಿ 5 ಆಂಪಿಯರ್ ಹರಿಸಿದರೆ 0.06 ಟೆಸ್ಲಾ ದಾಟುತ್ತದೆ, ಸುತ್ತು ಇನ್ನಷ್ಟು ಜಾಸ್ತಿ ಹಾಕಿ ಅಂತರ ಇಟ್ಟುಕೊಳ್ಳಿ. ಸ್ಯಾಂಪಲ್ ಕಾಯಿಲ್‌ನ ನಡುಭಾಗದಲ್ಲಿರಲಿ, ತುದಿಗಳಲ್ಲಿ ಕ್ಷೇತ್ರ ಅರ್ಧಕ್ಕೆ ಇಳಿದಿರುತ್ತದೆ. ನಯೋಬಿಯಮ್‌ಗೆ ಇದರ ಹಲವು ಪಟ್ಟು ಕ್ಷೇತ್ರ ಬೇಕು, ಸೀಸ ಆರಿಸಿ ಎಂದದ್ದಕ್ಕೆ ಇದೂ ಒಂದು ಕಾರಣ.

ಕ್ರಮ ಹೀಗೆ. ಜಿಗ್ ಅನ್ನು ನೈಟ್ರೋಜನ್‌ನಲ್ಲಿ ಮೊದಲು ತಣ್ಣಗೆ ಮಾಡಿ, ಯಾಕೆಂದರೆ 1 ಲೀಟರ್ ಹೀಲಿಯಂ ಆವಿಯಾಗುವಾಗ ಹೀರುವ ಶಾಖ ನೈಟ್ರೋಜನ್‌ನ ಅರವತ್ತರಲ್ಲಿ ಒಂದು ಪಾಲು ಮಾತ್ರ. ಆಮೇಲೆ ನೈಟ್ರೋಜನ್ ಒಂದು ಹನಿಯೂ ಉಳಿಯದ ಹಾಗೆ ಹೀಲಿಯಂ ಗ್ಯಾಸ್‌ನಿಂದ ಊದಿ ಹೊರಗೆ ಹಾಕಿ. ಉಳಿದರೆ 63 ಕೆಲ್ವಿನ್‌ನಲ್ಲಿ ಅದು ಕಲ್ಲಾಗುತ್ತದೆ, ಜಿಗ್ ಸಂದಿಗಳನ್ನೆಲ್ಲ ಹಿಡಿದು ಕೂರುತ್ತದೆ. ಹೀಲಿಯಂ ತುಂಬಿ, ಸಡಿಲು ತೆಗೆದು, ಕ್ಷೇತ್ರ ಹಾಕಿಕೊಂಡು ಯೀಲ್ಡ್ ದಾಟುವ ತನಕ ನಿಧಾನ ಎಳೆಯಿರಿ. ಲೋಡ್ ಸಮವಾಗಿ ಏರುತ್ತಿರುವಾಗ ಕ್ಷೇತ್ರ ತೆಗೆಯಿರಿ. ಲೋಡ್ ಥಟ್ಟನೆ ಒಂದು ಮೆಟ್ಟಿಲು ಇಳಿಯಬೇಕು. ಮತ್ತೆ ಕ್ಷೇತ್ರ ಹಾಕಿ, ಮೆಟ್ಟಿಲು ಏರಬೇಕು. ಹೀಗೆ ಬೇರೆಬೇರೆ ಸ್ಟ್ರೇನ್‌ನಲ್ಲಿ (ಸ್ಯಾಂಪಲ್ ಹಿಗ್ಗಿದ ಪ್ರಮಾಣ) ಮಾಡುತ್ತಾ ಹೋಗಿ. ಎಳೆಯುವ ಬದಲು ಸ್ಥಿರ ತೂಕ ನೇತುಹಾಕಿ ಕಾಯುವವರಿಗೆ, ಕ್ಷೇತ್ರ ತೆಗೆದ ಕೂಡಲೇ ಸ್ಯಾಂಪಲ್ ಹಠಾತ್ತಾಗಿ ಸ್ವಲ್ಪ ಉದ್ದವಾಗುವುದು ಕಾಣುತ್ತದೆ.

ಮೆಟ್ಟಿಲು ಕಂಡ ಖುಷಿಯಲ್ಲಿ ಕುಣಿಯುವ ಮೊದಲು ತಾಮ್ರದ ಸ್ಯಾಂಪಲ್ ಹೊರಗೆ ತೆಗೆಯಿರಿ. ತಾಮ್ರ ಸೂಪರ್‌ಕಂಡಕ್ಟರ್ ಆಗುವುದಿಲ್ಲ. ಅದನ್ನು ಎಳೆಯುತ್ತಾ ಅದೇ ಕ್ಷೇತ್ರ ಹಾಕಿ, ತೆಗೆದು ಮಾಡಿ. ಲೋಡ್ ಆಗಲೂ ಮೆಟ್ಟಿಲು ತೋರಿಸಿದರೆ ನಿಮ್ಮ ಮ್ಯಾಗ್ನೆಟ್ ಎಲ್ಲೋ ಕಬ್ಬಿಣದ ತುಣುಕನ್ನು ಎಳೆಯುತ್ತಿದೆ, ಇಲ್ಲವೇ ಲೋಡ್ ಸೆಲ್‌ನ ತಂತಿಗೆ ಕರೆಂಟಿನ ಗದ್ದಲ ಸೇರುತ್ತಿದೆ ಎಂದೇ ಅರ್ಥ. ಇದನ್ನು ಮಾಡದೆ ಬರೆದ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ. ಇನ್ನೊಂದು ಪರೀಕ್ಷೆಯೂ ಇದೆ, ಸೀಸವನ್ನು ಯೀಲ್ಡ್‌ಗಿಂತ ಕೆಳಗೆ, ಸ್ಥಿತಿಸ್ಥಾಪಕ ಭಾಗದಲ್ಲಿ ಹಿಡಿದು ಕ್ಷೇತ್ರ ಬದಲಿಸಿ. ಅಲ್ಲಿ ಮೆಟ್ಟಿಲು ಬರಬಾರದು. ಸೂಪರ್‌ಕಂಡಕ್ಟರ್ ಆಗುವಾಗ ಲೋಹದ ಅಳತೆಯಲ್ಲಿ ಆಗುವ ಬದಲಾವಣೆ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ನಿಮ್ಮ ಲೋಡ್ ಸೆಲ್‌ಗೆ ಅದು ಕಾಣುವ ಮಾತೇ ಇಲ್ಲ.

ಗ್ರಾಫ್ ಗರಗಸದ ಹಲ್ಲಿನ ಹಾಗೆ ಬಂದರೆ

ಈ ಚಳಿಯಲ್ಲಿ ಎಳೆಯುವಾಗ ಬಹಳಷ್ಟು ಲೋಹ, ಮಿಶ್ರಲೋಹಗಳು ಠಕ್ ಠಕ್ ಎಂದು ಸದ್ದು ಮಾಡುತ್ತಾ ಲೋಡನ್ನು ಬೀಳಿಸುತ್ತವೆ. ಮೆಷಿನ್ ಕೆಟ್ಟಿಲ್ಲ. 4 ಕೆಲ್ವಿನ್‌ನಲ್ಲಿ ಲೋಹ ಹಿಡಿದಿಡಬಲ್ಲ ಶಾಖ ತೀರಾ ಕಡಿಮೆ. ತಾಮ್ರ ಕೋಣೆಯಲ್ಲಿ ಕೆಜಿಗೆ ಡಿಗ್ರಿಗೆ 385 ಜೂಲ್ ಹಿಡಿದರೆ ಅಲ್ಲಿ ಬರೀ 0.1 ಜೂಲ್‌ನಷ್ಟು. ಒಂದು ಕಡೆ ಸ್ವಲ್ಪ ಜಾರಿದರೂ ಆ ಜಾಗ ಬಿಸಿಯಾಗುತ್ತದೆ, ಬಿಸಿಯಾದ್ದರಿಂದ ಮೆತ್ತಗಾಗಿ ಇನ್ನಷ್ಟು ಜಾರುತ್ತದೆ, ಕೊನೆಗೆ ಧಡಾರ್. ಬಸಿನ್ಸ್ಕಿ ಎಂಬ ವಿಜ್ಞಾನಿ 1957ರಲ್ಲಿ ಕೊಟ್ಟ ವಿವರಣೆ ಇದು. ಆ ಬಿಸಿಯಲ್ಲಿ ಸ್ಯಾಂಪಲ್‌ನ ಒಂದು ಭಾಗ ಕ್ಷಣಕಾಲ ಸೂಪರ್‌ಕಂಡಕ್ಟರ್ ಆಗಿ ಉಳಿಯದೇ ಹೋಗಬಹುದು, ಹಾಗಾಗಿ ಹಲ್ಲುಗಳು ಬರುವ ಜಾಗದಲ್ಲಿ ಮೆಟ್ಟಿಲು ಹುಡುಕಬೇಡಿ. ಎಳೆಯುವ ವೇಗ ಇಳಿಸಿ, ಹಲ್ಲು ಶುರುವಾಗುವ ಮೊದಲಿನ ಭಾಗವನ್ನೇ ಬಳಸಿ.

ಎಂಆರ್‌ಐ ಮ್ಯಾಗ್ನೆಟ್ ಮಾಡುವವರಿಗೆ ಇದೇ ತಲೆನೋವು. ಅಲ್ಲಿ ನಯೋಬಿಯಮ್-ಟೈಟಾನಿಯಂ ತಂತಿ ತಾಮ್ರದೊಳಗೆ ಹುದುಗಿರುತ್ತದೆ. ಕಾಂತಬಲಕ್ಕೆ ತಂತಿ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಅಲುಗಿದರೂ, ಎಪಾಕ್ಸಿ ಸಣ್ಣಗೆ ಬಿರಿದರೂ ಹುಟ್ಟುವ ಬಿಸಿ ಸಾಕು, ಇಡೀ ಮ್ಯಾಗ್ನೆಟ್ ಸಾಮಾನ್ಯ ಸ್ಥಿತಿಗೆ ಜಾರಿ ಹೀಲಿಯಂ ಕುದಿದು ಹೊರಗೆ ಹೋಗುತ್ತದೆ. ನಯೋಬಿಯಮ್-ಟೈಟಾನಿಯಂ ಬಗ್ಗುವ ಲೋಹವಾದ್ದರಿಂದ ಅದನ್ನು ಎಳೆದು 7 ಮೈಕ್ರಾನ್ ಎಳೆಗಳಾಗಿ ಮಾಡಬಹುದು, ಜಿನೀವಾದ ಎಲ್‌ಎಚ್‌ಸಿ ಕಣವೇಗವರ್ಧಕದಲ್ಲಿ ಇರುವುದು ಅಂಥದ್ದೇ. 18 ಕೆಲ್ವಿನ್‌ವರೆಗೆ ಕೆಲಸ ಮಾಡುವ ನಯೋಬಿಯಮ್-ತವರ ಎಷ್ಟೋ ಮೇಲು, ಆದರೆ ಬಗ್ಗಿಸಿದರೆ ಮುರಿಯುವ ಸ್ವಭಾವ. ಅದಕ್ಕೇ ಕಾಯಿಲ್ ಸುತ್ತಿದ ಮೇಲೆ 650 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಯಿಸಿ ಅಲ್ಲೇ ಸೂಪರ್‌ಕಂಡಕ್ಟರ್ ಮಾಡುತ್ತಾರೆ. ವೈವಾದಲ್ಲಿ ಇದರಿಂದ ಏನು ಉಪಯೋಗ ಎಂದು ಕೇಳಿದರೆ ಈ ಪ್ಯಾರಾ ನೆನಪಿಗೆ ತಂದುಕೊಳ್ಳಿ.

ಬರೆಯುವಾಗ

ಮೆಟ್ಟಿಲಿನ ಎತ್ತರವನ್ನು ನ್ಯೂಟನ್‌ನಲ್ಲಿ ಮಾತ್ರ ಕೊಡಬೇಡಿ, ಆ ಕ್ಷಣದ ಒಟ್ಟು ಸ್ಟ್ರೆಸ್‌ನ ಎಷ್ಟು ಶೇಕಡಾ ಎಂದೂ ಕೊಡಿ. ಸೀಸದ ಶುದ್ಧತೆ, ಎಳೆದ ವೇಗ, ಅಲ್ಲಿಯ ತನಕದ ಸ್ಟ್ರೇನ್ ಮೂರೂ ಪಕ್ಕದಲ್ಲಿರಲಿ, ಪರಿಣಾಮದ ಗಾತ್ರ ಈ ಮೂರರ ಮೇಲೂ ನಿಂತಿದೆ. ತಾಮ್ರದ ಗ್ರಾಫನ್ನು ಅನುಬಂಧಕ್ಕೆ ತಳ್ಳಬೇಡಿ, ಸೀಸದ ಗ್ರಾಫಿನ ಕೆಳಗೇ, ಅದೇ ಸ್ಕೇಲಿನಲ್ಲಿ ಹಾಕಿ. ಬೇರೆ ಊರಿನ ಲ್ಯಾಬ್‌ನಲ್ಲಿ ಸಮಯ ಸಿಗದೆ 77ರಲ್ಲೇ ನಿಂತರೆ ಪ್ರಾಜೆಕ್ಟಿನ ಹೆಸರಿನಲ್ಲಿ "ಸೂಪರ್‌ಕಂಡಕ್ಟಿಂಗ್ ಸ್ಥಿತಿ" ಎಂಬ ಮಾತನ್ನು ತೆಗೆದು "ದ್ರವ ನೈಟ್ರೋಜನ್ ತಾಪಮಾನದಲ್ಲಿ ಸೀಸ" ಎಂದೇ ಹಾಕಿ. ಸದ್ದಿನ ಅಳತೆ, ವೇಗದ ಅಳತೆ, ಕುಗ್ಗುವಿಕೆಯ ಲೆಕ್ಕ ಇಷ್ಟಿದ್ದರೆ ಆ ಹೆಸರಿನಲ್ಲೂ ಒಂದು ಸೆಮಿಸ್ಟರ್‌ಗೆ ಬೇಕಾದಷ್ಟು ಕೆಲಸ ಇದೆ.